ಮೂಲೆಮನೆಯ ಗುಟ್ಟಿನ ವಾಲ್ವ್

ಮುಖಕ್ಕೆ ನೀರು ರಾಚಿದಾಗ ಪ್ಲಂಬರ್ ಸಿಂಕಿನ ಕೆಳಗೆ ಅಂಗಾತ ಮಲಗಿದ್ದ. ಗೋಡೆಯ ಪೈಪಿಗಿದ್ದ ಹಳೆಯ ನಲ್ಲಿ, ಆಂಗಲ್ ಕಾಕ್, ಆಗಷ್ಟೇ ಕಳಚಿ ಕೈಗೆ ಬಂದಿತ್ತು. ಬಾಯಲ್ಲಿ ಟೆಫ್ಲಾನ್ ಟೇಪಿನ ಸುರುಳಿ ಕಚ್ಚಿಕೊಂಡಿದ್ದರಿಂದ ಅವನು ಕೂಗಲಿಲ್ಲ. ಕೂಗು ಬಂದದ್ದು ಕೆಳಗಿನ ಮನೆಯಿಂದ.

"ನೀರು ನಿಲ್ಲಿಸಿದ್ದು ಯಾರು?"

ಇಲ್ಲಿ ನೀರು ನಿಲ್ಲದೆ ಚಿಮ್ಮುತ್ತಿದೆ, ಅಲ್ಲಿ ನಿಂತುಹೋಗಿದೆ ಎಂಬ ದೂರು. ಆ ಹೊತ್ತಿಗೆ ಅದನ್ನು ಯೋಚಿಸುವ ಸ್ಥಿತಿಯಲ್ಲಿ ಅವನಿರಲಿಲ್ಲ. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿಹಿಡಿದು, ಇನ್ನೊಂದು ಕೈಯಲ್ಲಿ ಹೊಸ ಕಾಕನ್ನು ತಡಕಿದ. ಅದರ ಹಿಡಿಯನ್ನು ಪೂರ್ತಿ ತೆರೆದು, ನುಗ್ಗಿ ಬರುವ ನೀರು ಅದರೊಳಗಿಂದಲೇ ಹಾದುಹೋಗಲು ಬಿಟ್ಟು, ಹಾಗೇ ಪೈಪಿಗೆ ಕೂರಿಸಿ ತಿರುಗಿಸಿದ. ಕಾಕ್ ಬಿಗಿಯಾದ ಮೇಲೆ ಹಿಡಿ ಮುಚ್ಚಿದ. ಮುಚ್ಚಿದ ಕಾಕನ್ನು ನೀರಿಗೆ ಎದುರೊಡ್ಡಿದರೆ ನೀರು ದಬ್ಬುತ್ತದೆ, ತೆರೆದ ಕಾಕಿನೊಂದಿಗೆ ಜಗಳವಾಡುವುದಿಲ್ಲ. ಇದು ಅವನ ಮಾವ ಹೇಳಿಕೊಟ್ಟ ವಿದ್ಯೆ. "ನೀರಿಗೆ ನಾಚಿಕೆ ಇಲ್ಲ, ದಾರಿ ಕೊಟ್ಟು ಆಮೇಲೆ ಬಾಗಿಲು ಹಾಕು" ಎನ್ನುತ್ತಿದ್ದರು.

ಸಿಂಕಿನ ಕೆಳಗಿಂದ ಹೊರಬಂದಾಗ ಅಂಗಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಎದುರಿಗೆ ಮೇಲಿನ ಮನೆಯ ಒಡತಿ ನೆಲ ಒರೆಸುವ ಬಟ್ಟೆ ಹಿಡಿದು ನಿಂತಿದ್ದಳು.

"ವಾಲ್ವ್ ಮುಚ್ಚಿದೀನಿ ಅಂದ್ರಲ್ಲಮ್ಮ?"

"ಮುಚ್ಚಿದೀನಿ ವಾಷರಣ್ಣ! ನಾನೇ ಕೆಳಗೆ ಹೋಗಿ ನನ್ನ ಬೀಗ ತೆಗೆದು, ನನ್ನ ವಾಲ್ವು ಗಟ್ಟಿಯಾಗಿ ತಿರುಗಿಸಿ ಬಂದೆ. ನೋಡಿದ್ರಾ, ನೋಡಿದ್ರಾ? ಇದನ್ನೇ ನಾನು ಹೇಳ್ತಿದ್ದದ್ದು!"

ವಾಷರಣ್ಣ ಎಂಬುದು ಬೀದಿಯವರು ಇಟ್ಟ ಹೆಸರು. ಎಂಥ ತೊಂದರೆ ಹೇಳಿದರೂ ಅವನ ಬಾಯಿಂದ ಮೊದಲು ಬರುವ ಮಾತು "ವಾಷರ್ ಇರಬೇಕು". ಟ್ಯಾಂಕ್ ತುಂಬಿ ಹರಿದರೂ ವಾಷರ್, ನಲ್ಲಿ ಗೊರಗೊರ ಎಂದರೂ ವಾಷರ್. ಮುಕ್ಕಾಲು ಪಾಲು ಅದೇ ಆಗಿರುತ್ತದೆ ಎಂಬುದು ಬೇರೆ ಮಾತು. ಉಳಿದ ಕಾಲು ಪಾಲಿನಲ್ಲಿ ಆ ಮಾತು ಅವನಿಗೆ ಯೋಚಿಸಲು ಸಮಯ ಕೊಡುತ್ತದೆ.

ಇವತ್ತೂ ಅದನ್ನೇ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಕೆಳಗಿನ ಮನೆಯವಳು ಮೆಟ್ಟಿಲ ಬುಡಕ್ಕೆ ಬಂದಾಗಿತ್ತು. ಮೊಣಕೈವರೆಗೆ ಪಾತ್ರೆ ಸೋಪಿನ ನೊರೆ. ಇವಳು ಹಿರಿಯಣ್ಣನ ಹೆಂಡತಿ, ಮೇಲಿನವಳು ತಮ್ಮನ ಹೆಂಡತಿ. ವಾಷರಣ್ಣ ಇಬ್ಬರ ನಡುವಿನ ಮೆಟ್ಟಿಲಲ್ಲಿ ನೆನೆದ ಕೋಳಿಯಂತೆ ನಿಂತ.

"ವಾಷರಣ್ಣ, ಅವರಿಗೆ ಹೇಳಿ, ಪಾತ್ರೆ ತೊಳೀತಿರೋವಾಗ ನೀರು ನಿಲ್ಲಿಸೋದು ಮನುಷ್ಯರು ಮಾಡೋ ಕೆಲಸ ಅಲ್ಲ ಅಂತ."

"ವಾಷರಣ್ಣ, ನೀವೂ ಅವರಿಗೆ ಹೇಳಿ, ನಾನು ಮುಟ್ಟಿದ್ದು ನನ್ನ ವಾಲ್ವು ಅಂತ. ಅವರ ಕೀಲಿ ಅವರ ಹತ್ರಾನೇ ಇದೆ."

"ಇಬ್ರಿಗೂ ಕಿವಿ ಚೆನ್ನಾಗೇ ಇದೆಯಲ್ಲಮ್ಮ. ಮಧ್ಯೆ ನಾನ್ಯಾಕೆ?"

"ನಾವು ಮಾತಾಡಲ್ಲ" ಎಂದರು ಇಬ್ಬರೂ, ಒಂದೇ ಉಸಿರಿಗೆ.

ಈ ಮನೆಗೆ ಒಂದು ಕಾನೂನಿದೆ. ಅದನ್ನು ಮಾಡಿದವಳು ಇವರಿಬ್ಬರ ಅತ್ತೆ. ಒಮ್ಮೆ ಮನೆಮಂದಿಯೆಲ್ಲ ಹೊರಗೆ ಹೋಗಿ ಸಂಜೆ ಬಂದು ಬೀಗ ತೆಗೆದರೆ, ಯಾರೋ ಮುಚ್ಚದೆ ಬಿಟ್ಟಿದ್ದ ನಲ್ಲಿಯಿಂದ ನಡುಮನೆ ಕೆರೆಯಾಗಿತ್ತು, ಚಪ್ಪಲಿಗಳು ತೇಲಿಕೊಂಡು ಬಾಗಿಲಿಗೆ ಬಂದು ಸ್ವಾಗತ ಮಾಡಿದ್ದವು. ಅಂದಿನಿಂದ ಮನೆ ಬಿಟ್ಟು ಹೊರಡುವವರು ಮೆಟ್ಟಿಲ ಕೆಳಗಿನ ವಾಲ್ವ್ ಮುಚ್ಚಿಯೇ ಹೊರಡಬೇಕು. ಆಗ ಒಂದೇ ಅಡುಗೆ, ಒಂದೇ ಸಂಸಾರ. ಹೊರಟರೆ ಎರಡು ವಾಲ್ವನ್ನೂ ಮುಚ್ಚುವರು, ಬಂದರೆ ಎರಡನ್ನೂ ತೆರೆಯುವರು. ಎಡಗಡೆಯದು ಕೆಳಗಿನ ಮನೆಗೆ, ಬಲಗಡೆಯದು ಮೇಲಿನ ಮನೆಗೆ ಎಂದು ಎಲ್ಲರಿಗೂ ಗೊತ್ತಿತ್ತು. ಗೊತ್ತಿರಬೇಕಾದ ಪ್ರಸಂಗ ಮಾತ್ರ ಬಂದಿರಲಿಲ್ಲ.

ಅತ್ತೆ ತೀರಿಕೊಂಡ ಮೇಲೆ ಒಲೆ ಎರಡಾಯಿತು. ಬೇರೆಯಾದದ್ದು ನಗುನಗುತ್ತಲೇ. ಸಂಜೆ ಹೊತ್ತು ಮೆಟ್ಟಿಲ ಮೇಲೆ ಕೂತು, ಹಿರಿಯಾಕೆ ಕೆಳಗಿನ ಮೆಟ್ಟಿಲಲ್ಲಿ, ಕಿರಿಯಾಕೆ ಮೇಲಿನದರಲ್ಲಿ, ತರಕಾರಿ ಹೆಚ್ಚುತ್ತ ಗಂಡಂದಿರನ್ನು ಆಡಿಕೊಳ್ಳುವುದು ನಡೆದೇ ಇತ್ತು. ಅತ್ತೆಯ ಕಾನೂನನ್ನೂ ಇಬ್ಬರೂ ಬಿಡಲಿಲ್ಲ. ಈಗ ಅವರವರು ಹೊರಡುವಾಗ ಅವರವರ ವಾಲ್ವ್ ಮುಚ್ಚತೊಡಗಿದರು.

ನೀರಿನ ಕಾಟ ಶುರುವಾದದ್ದು ಅಲ್ಲಿಂದ. ಬೆಳಗ್ಗೆ ಹಿರಿಯಾಕೆ ವಾಕಿಂಗಿಗೆ ಹೊರಟರೆ ಮೇಲೆ ಕಿರಿಯಾಕೆಯ ಸ್ನಾನಕ್ಕೆ ನೀರಿಲ್ಲ. ಮಧ್ಯಾಹ್ನ ಕಿರಿಯಾಕೆ ಗ್ರಂಥಾಲಯದ ಕೆಲಸಕ್ಕೆ ಹೊರಟರೆ ಕೆಳಗೆ ಹಿರಿಯಾಕೆಯ ಪಾತ್ರೆಗಳಿಗೆ ನೀರಿಲ್ಲ. ಹೋಗಿ ನೋಡಿದರೆ ತನ್ನ ವಾಲ್ವ್ ತೆರೆದೇ ಇದೆ! ಮೊದಲು ಅನುಮಾನ, ಆಮೇಲೆ ಮೂದಲಿಕೆ, ಆಮೇಲೆ ಒಂದೊಂದು ವಾಲ್ವಿಗೆ ಒಂದೊಂದು ಕಬ್ಬಿಣದ ಪೆಟ್ಟಿಗೆ, ಪೆಟ್ಟಿಗೆಗೊಂದು ಬೀಗ. ಬೀಗ ಹಾಕಿದ ಮೇಲೂ ನೀರು ನಿಲ್ಲುವುದು ನಿಲ್ಲಲಿಲ್ಲ. ಅಲ್ಲಿಗೆ ಇಬ್ಬರೂ ಒಂದೇ ತೀರ್ಮಾನಕ್ಕೆ ಬಂದಿದ್ದರು: ಆ ಕಡೆಯವಳು ಗೋಡೆಯೊಳಗೆ ಎಲ್ಲೋ ಗುಟ್ಟಾಗಿ ಇನ್ನೊಂದು ವಾಲ್ವ್ ಕೂರಿಸಿಕೊಂಡಿದ್ದಾಳೆ. ಎರಡು ಜುಟ್ಟು ಕೂಡಿದರೂ ಎರಡು ಜಡೆ ಕೂಡುವುದಿಲ್ಲ ಎಂಬ ಗಾದೆಯನ್ನು ಅಣ್ಣತಮ್ಮಂದಿರು ಒಬ್ಬರಿಗೊಬ್ಬರು ಹೇಳಿಕೊಂಡು ಪೇಪರಿನ ಹಿಂದೆ ಅಡಗಿದರು.

"ನಾಳೆ ಗಾರೆಯವನು ಬರ್ತಾನೆ" ಎಂದಳು ಹಿರಿಯಾಕೆ. "ನಡುಮನೆಯಿಂದ ಮೆಟ್ಟಿಲಿಗೆ ಇರೋ ಈ ಬಾಗಿಲು ಕಿತ್ತು ಗೋಡೆ ಎಬ್ಬಿಸ್ತಾನೆ. ಅವರ ದಾರಿ ಅವರಿಗೆ, ನಮ್ಮ ದಾರಿ ನಮಗೆ. ಅಷ್ಟರೊಳಗೆ ಆ ಗುಟ್ಟಿನ ವಾಲ್ವ್ ಎಲ್ಲಿದೆ ಹುಡುಕಿಕೊಡಿ. ಹಿತ್ತಲಲ್ಲಿ ಇಟ್ಟಿಗೆ ಇಳಿಸಿ ಆಗಿದೆ."

"ಹುಡುಕಿ, ಹುಡುಕಿ. ಯಾರು ಇಟ್ಟಿದ್ದು ಅಂತ ನಾನೂ ನೋಡ್ಬೇಕು" ಎಂದಳು ಕಿರಿಯಾಕೆ.

ವಾಷರಣ್ಣ ಮನೆಯ ಹಿಂದಕ್ಕೆ ಹೋದ. ಇಟ್ಟಿಗೆ ರಾಶಿಯ ಪಕ್ಕದಲ್ಲಿ ನಿಂತು ಗೋಡೆ ನೋಡಿದ. ಟ್ಯಾಂಕಿನಿಂದ ಎರಡು ಕಬ್ಬಿಣದ ಪೈಪು ಇಳಿದು, ಮೆಟ್ಟಿಲ ಕೋಣೆಯ ಗೋಡೆಯ ಗೂಡಿನಲ್ಲಿ ವಾಲ್ವುಗಳನ್ನು ಹಾದು, ಒಂದು ಕೆಳಕ್ಕೂ ಒಂದು ಮೇಲಕ್ಕೂ ಹೋಗಿದ್ದವು. ಗುಟ್ಟಿನದೇನೂ ಇರಲಿಲ್ಲ. ಎಡಗಡೆಯ ಪೈಪು ಕೆಳಗಿನ ಮನೆಗೆ, ಬಲಗಡೆಯದು ಮೇಲಿನ ಮನೆಗೆ. ಸರಿಯಾಗೇ ಇದೆ. ಹೊರಗಿನಿಂದ ನೋಡಿದರೆ.

ಅವನು ಅಲ್ಲೇ ಇಟ್ಟಿಗೆಯ ಮೇಲೆ ಕೂತುಬಿಟ್ಟ. ಇದೇ ಗೋಡೆಯನ್ನು ಒಳಗಿನಿಂದ ನೋಡುವವರಿಗೆ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಪೈಪು ಕೂಡಿಸಿದವನು ಹಿಂದೆ ನಿಂತು ಕೂಡಿಸಿ, ಮುಂದೆ ಬಂದು ಅದೇ ಎಡಬಲ ಹೇಳಿ ಹೋಗಿದ್ದಾನೆ. ಹೀಗಾಗಿ ಮೊದಲ ದಿನದಿಂದಲೂ ಈ ಮನೆಯಲ್ಲಿ ಇವಳ ನೀರು ಅವಳ ಕೈಯಲ್ಲಿ, ಅವಳ ನೀರು ಇವಳ ಕೈಯಲ್ಲಿ.

ಕೂಡಿಸಿದವನು ಯಾರು ಎಂದು ಕೇಳುವ ಅಗತ್ಯವೂ ಇರಲಿಲ್ಲ. ಜೋಡಣೆಗಳ ಸಂದಿನಲ್ಲಿ ಸೆಣಬಿನ ನಾರು ಇಣುಕುತ್ತಿತ್ತು. ಟೇಪು ಬರುವ ಮೊದಲು ಪ್ಲಂಬರುಗಳು ತಿರುಪಿಗೆ ಸೆಣಬು ಸುತ್ತುತ್ತಿದ್ದರು. ಸುತ್ತಿದ ಮೇಲೆ ತುದಿಯನ್ನು ಜಡೆಯ ಕೊನೆಯಂತೆ ಹೆಣೆದು ಒಳಗೆ ಸಿಕ್ಕಿಸುತ್ತಿದ್ದವರು ಈ ಊರಿಗೆಲ್ಲ ಒಬ್ಬರೇ.

"ಸಿಕ್ತಾ?" ಹಿತ್ತಲ ಬಾಗಿಲಲ್ಲಿ ಹಿರಿಯಾಕೆ. ಮಹಡಿಯ ಕಿಟಕಿಯಲ್ಲಿ ಕಿರಿಯಾಕೆ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನಂತೆ ವಾಷರಣ್ಣ ಎದ್ದು ನಿಂತ. "ಈ ಮೂಲ ಕೆಲಸದಲ್ಲೇ ಏನಾದ್ರೂ..."

"ಛೆ ಛೆ" ಎಂದಳು ಹಿರಿಯಾಕೆ. "ಮೂಲ ಕೆಲಸ ನಿಮ್ಮ ಮಾವನದು. ಹಿರಿ ಪ್ಲಂಬರ್ ಕೈಯಲ್ಲಿ ತಪ್ಪಾಗೋದುಂಟಾ? ಆಮೇಲೆ ಯಾರೋ ಕೈ ಹಾಕಿದಾರೆ."

"ಅದಂತೂ ನಿಜ" ಎಂದಳು ಮೇಲಿನವಳು. ತಿಂಗಳುಗಳ ಮೇಲೆ ಇಬ್ಬರೂ ಒಪ್ಪಿದ ಮಾತು ಅದೊಂದೇ.

ವಾಷರಣ್ಣ ತಿರುಪು ಬಿಚ್ಚುವ ಪಾನ ಒರೆಸಿ ಚೀಲಕ್ಕೆ ಹಾಕಿದ. "ವಾಷರ್ ಇರಬೇಕು" ಎಂದ. "ಬೆಳಗ್ಗೆ ಬರ್ತೀನಿ. ನಾನು ಬರೋವರೆಗೆ ಗೋಡೆ ಎಬ್ಬಿಸಬೇಡಿ."

ಇವನು ಹುಟ್ಟು ಪ್ಲಂಬರ್ ಅಲ್ಲ. ಹಾರ್ಡ್‌ವೇರ್ ಅಂಗಡಿಯ ಕೌಂಟರಿನಲ್ಲಿ ಎಲ್ಬೋ, ಟೀ, ಯೂನಿಯನ್ ಎಂದು ಪೈಪು ಜೋಡಿಸುವ ತುಂಡುಗಳನ್ನು ಎತ್ತಿಕೊಡುವ ಹುಡುಗನಾಗಿದ್ದ. ಹಿರಿ ಪ್ಲಂಬರ್ ದಿನಾ ಬರುತ್ತಿದ್ದರು. ಒಂದು ದಿನ ಅವರು "ಮನೆ ಹಿಂದಿನ ತಿರುವಿಗೆ ಒಂದು..." ಎನ್ನುವಷ್ಟರಲ್ಲಿ ಇವನು ಬೇಕಾದ ಎಲ್ಬೋ ತೆಗೆದು ಮುಂದಿಟ್ಟಿದ್ದ. ಹಿರಿಯರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಲೋ, ಕೊಡೋದು ಬಿಟ್ಟು ಕೂರಿಸೋದು ಕಲಿ, ಬಾ" ಎಂದರು. ಬಂದ. ಅವರ ಹಿಂದೆ ಚೀಲ ಹೊತ್ತ, ಬೈಸಿಕೊಂಡ, ಕಲಿತ. ಅವರ ಒಬ್ಬಳೇ ಮಗಳು ಮಧ್ಯಾಹ್ನದ ಬುತ್ತಿ ತರುತ್ತಿದ್ದಳು. ಬುತ್ತಿ ಎರಡಾದದ್ದನ್ನು ಅಪ್ಪ ಗಮನಿಸಿದ್ದು ತಡವಾಗಿ.

ಮದುವೆಯಾಗಿ ಇವನು ಅವರ ಮನೆಯಲ್ಲೇ ಉಳಿದ. ಮಾವ ಅಂದಿನಿಂದ "ಲೋ" ಬಿಟ್ಟು "ಅಳಿಯಂದ್ರೇ" ಎಂದರು, "ನೀನು" ಬಿಟ್ಟು "ನೀವು" ಎಂದರು. ಹೆಣ್ಣು ಕೊಟ್ಟವರ ಮರ್ಯಾದೆ ಅದು. ಆದರೆ ಮೈಮರೆತಾಗ, ಅದರಲ್ಲೂ ಕೆಲಸದ ಸಿಟ್ಟು ನೆತ್ತಿಗೇರಿದಾಗ, ಮರ್ಯಾದೆ ಕಳಚಿ ಬಿದ್ದು ಹಳೆಯ "ಲೋ" ಎದ್ದು ಬರುತ್ತಿತ್ತು. ವಾಷರಣ್ಣನಿಗೆ ಒಳಗೊಳಗೇ ಅದೇ ಇಷ್ಟ.

ಈಗ ಮಾವನ ಮಂಡಿ ಮಡಚುವುದಿಲ್ಲ. ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂರುತ್ತಾರೆ. ಸಂಜೆ ಅಳಿಯ ಬಂದು ಚೀಲ ಇಳಿಸುತ್ತಲೇ ವಿಚಾರಣೆ ಶುರು. ಯಾರ ಮನೆ, ಯಾವ ಪೈಪು, ಮೊದಲು ಕೂಡಿಸಿದವರು ಯಾರು, ಯಾಕೆ ಸೋರಿತು. ಬೇರೆಯವರ ಕೆಲಸವಾಗಿದ್ದರೆ ಅವರಿಗೆ ಒಂದು ಖುಷಿ. ತಮ್ಮದಾಗಿದ್ದು ವಾಷರ್ ಸವೆದಿದ್ದರೆ, "ವಾಷರ್ ಸವೀಬೇಕು, ಅದು ಅದರ ಕರ್ಮ. ನನ್ನ ಜೋಡಣೆ ಸೋರಿದ್ಯಾ ಹೇಳಿ" ಎನ್ನುತ್ತಿದ್ದರು. ಸೋರಿದ ಉದಾಹರಣೆ ಇರಲಿಲ್ಲ. "ನನ್ನ ಕೈ ತಪ್ಪಿಲ್ಲ" ಎಂದು ಹೇಳಿ ಅವರು ಊಟಕ್ಕೆ ಏಳುತ್ತಿದ್ದರು. ಆ ಮಾತು ಆಡದೆ ಅವರಿಗೆ ಹಸಿವಾಗುತ್ತಿರಲಿಲ್ಲ ಎಂದು ಮಗಳು ತಮಾಷೆ ಮಾಡುತ್ತಿದ್ದಳು.

ಆ ಸಂಜೆಯೂ ಕುರ್ಚಿ ಕಾದಿತ್ತು.

"ಅಳಿಯಂದ್ರೇ, ಇವತ್ತು ಎಲ್ಲೆಲ್ಲಿ?"

"ಔಷಧಿ ಅಂಗಡಿ ಮೇಲೆ ಒಂದು ಟ್ಯಾಂಕಿನ ಫ್ಲೋಟು. ಹಾಸ್ಟೆಲಲ್ಲಿ ಶವರ್ ಕಟ್ಟಿತ್ತು. ಆಮೇಲೆ ಒಂದು ಆಂಗಲ್ ಕಾಕು."

"ಒಂದು ಆಂಗಲ್ ಕಾಕಿಗೆ ಇಷ್ಟು ನೆನೆದು ಬಂದ್ರಾ? ನೀರು ನಿಲ್ಲಿಸದೆ ಬಿಚ್ಚಿದ್ರಿ."

"ನಿಲ್ಲಿಸಿದ್ರು ಮಾವ. ನಿಲ್ಲಲಿಲ್ಲ."

"ಯಾಕೆ ನಿಲ್ಲಲಿಲ್ಲ?"

"ವಾಷರ್ ಇರಬೇಕು."

"ನನ್ನ ಹತ್ರಾನೂ ವಾಷರ್ರಾ?" ಮಾವ ಕನ್ನಡಕ ಮೇಲೇರಿಸಿದರು.

ಮಗಳು ಹೊಲಿಗೆ ಮೆಷಿನ್ ನಿಲ್ಲಿಸಿ ತಲೆಯೆತ್ತಿದಳು. ಗಂಡ ಕಿವಿ ತುರಿಸಿಕೊಳ್ಳುತ್ತಿದ್ದ. ಅವನು ಕಿವಿ ತುರಿಸಿಕೊಂಡರೆ ಸುಳ್ಳು ಹೇಳುತ್ತಿದ್ದಾನೆ ಎಂಬುದು ಆ ಮನೆಯಲ್ಲಿ ಅವನೊಬ್ಬನನ್ನು ಬಿಟ್ಟು ಎಲ್ಲರಿಗೂ ಗೊತ್ತು. "ರೀ, ಒಳಗೆ ಬನ್ನಿ, ಮೊದಲು ತಲೆ ಒರೆಸಿಕೊಳ್ಳಿ" ಎಂದು ಎಳೆದುಕೊಂಡೇ ಹೋದಳು.

ಅಡುಗೆಮನೆಯಲ್ಲಿ ದನಿ ತಗ್ಗಿಸಿ ಕೇಳಿದಳು. "ಯಾವ ಮನೆ?"

"ಮೂಲೆಮನೆ. ಎರಡು ಲೈನ್ ಅದಲು ಬದಲಾಗಿದೆ."

"ಅಪ್ಪಂದಾ?"

"ಅಪ್ಪಂದೇ."

ಅವಳು ಟವೆಲನ್ನು ಅವನ ತಲೆಯ ಮೇಲೆ ಹಾಗೇ ಬಿಟ್ಟಳು. "ಹೇಳ್ಬೇಡಿ. ಮಂಡಿ ಹೋಯ್ತು, ಕಣ್ಣು ಮಂಜಾಗ್ತಿದೆ. ಇನ್ನು ಉಳಿದಿರೋದು ಆ ಒಂದು ಮಾತು. ಅದನ್ನೂ ಕಿತ್ಕೋಬೇಡಿ ರೀ. ಬೆಳಗ್ಗೆ ಹೋಗಿ ಸುಮ್ನೆ ಸರಿಮಾಡಿ ಬಂದ್ಬಿಡಿ, ಯಾರಿಗೂ ಹೇಳದೆ."

"ಸರಿಮಾಡಬಹುದು. ನೀರೂ ಸರಿಹೋಗುತ್ತೆ. ಆದ್ರೆ ನಾನು ಬಂದು ಹೋದ ಮೇಲೆ ಸರಿಹೋಯ್ತು ಅಂದ್ರೆ ಅವರಿಬ್ರೂ ಏನಂತಾರೆ? ಗುಟ್ಟಿನ ವಾಲ್ವ್ ಸಿಕ್ತು, ಕಿತ್ತು ಹಾಕ್ದ ಅಂತಾರೆ. ಅವಳೇ ಇಡಿಸಿದ್ದು ಅಂತ ಇವಳು, ಇವಳೇ ಅಂತ ಅವಳು, ಸಾಯೋವರೆಗೂ ಬಿಡಲ್ಲ. ನಾಳೆ ಆ ಬಾಗಿಲಿಗೆ ಗೋಡೆ ಎದ್ದೇ ಏಳುತ್ತೆ. ಇಬ್ರೂ ಏನೂ ಮಾಡಿಲ್ಲ ಕಣೇ."

"ಹಾಗಿದ್ರೆ ಹಾವೂ ಸಾಯಬೇಕು, ಕೋಲೂ ಮುರೀಬಾರದು, ಹಂಗೇನಾದ್ರೂ ಮಾಡಿ."

"ಪ್ಲಂಬರ್ ಹತ್ರ ಹೇಳೋ ಕೆಲಸಾನಾ ಅದು?"

ಊಟಕ್ಕೆ ಕೂತಾಗ ವಾಷರಣ್ಣ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತು ತೆಗೆದ. "ಮಾವ, ಸುಮ್ನೆ ಒಂದು ಮಾತು. ಎಲ್ಲೋ ಒಂದು ಕಡೆ, ಯಾರೋ ಒಬ್ಬ, ಎರಡು ಲೈನು ಅದಲು ಬದಲು ಕೊಟ್ಬಿಟ್ಟಿದಾನೆ ಅಂದ್ಕೊಳ್ಳಿ..."

"ಎಲ್ಲೋ ಅಂದ್ರೆ ಎಲ್ಲಿ?"

"ಎಲ್ಲೋ."

"ಯಾರೋ ಅಂದ್ರೆ?"

"ಯಾರೋ. ಈಗ ಅದನ್ನ ಅವನಿಗೆ ಹೇಳ್ಬೇಕೋ, ಬೇಡ್ವೋ?"

"ಹೇಳದೆ ಮತ್ತೆ? ಎರಡೇ ಎರಡು ಪೈಪು ನೆನಪಿಟ್ಕೊಳ್ಳೋಕೆ ಆಗದ ಗುಗ್ಗು ಪಾನ ಯಾಕೆ ಹಿಡೀಬೇಕು? ಮನೆಯಲ್ಲಿ ಕೂತು ಬತ್ತಿ ಹೊಸೀಲಿ. ಅವನ ಹೆಸರು ಹೇಳಿ, ನಾನೇ ಉಗೀತೀನಿ."

ಮಗಳಿಗೆ ನೆತ್ತಿ ಹತ್ತಿತು. ಕೆಮ್ಮಿದಳು, ನೀರು ಕುಡಿದಳು, ಅಪ್ಪನ ಕಡೆ ಮಾತ್ರ ನೋಡಲಿಲ್ಲ. ಮಾವ ಮಗಳನ್ನು ನೋಡಿದರು, ಅಳಿಯನನ್ನು ನೋಡಿದರು. ಅಳಿಯನ ಕೈ ಕಿವಿಯ ಹತ್ತಿರವಿತ್ತು.

"ಲೋ. ಯಾವ ಮನೆ?"

"ಮೂಲೆಮನೆ, ಮಾವ."

ಹಿರಿಯರು ತುತ್ತು ಕೆಳಗಿಟ್ಟರು. "ಅದು ನನ್ನ ಕೆಲಸ. ಎಡಗಡೇದು ಕೆಳಕ್ಕೆ, ಬಲಗಡೇದು ಮೇಲಕ್ಕೆ. ಆ ಮನೆಯ ದೊಡ್ಡಮ್ಮನಿಗೆ ನಾನೇ ನಿಂತು ತೋರಿಸಿದೀನಿ. ತಪ್ಪಾಗಿಲ್ಲ. ನೋಡೋಕೆ ಬರಲಿಲ್ಲ ನಿನಗೆ. ಬೆಳಗ್ಗೆ ಆಟೋ ಕರಿ. ನಾನೇ ಬಂದು ತೋರಿಸ್ತೀನಿ."

ಮಗಳು ಗಂಡನನ್ನು ನೋಡಿದ ನೋಟ ಹೇಗಿತ್ತು ಎಂದರೆ, ಅವನು ಇನ್ನೊಂದು ಸಲ ತಲೆ ಒರೆಸಿಕೊಳ್ಳಲು ಒಳಗೆ ಹೋದ.

ಬೆಳಗ್ಗೆ ಮೂಲೆಮನೆಯ ಮುಂದೆ ಆಟೋ ನಿಂತಾಗ ಗಾರೆಯವನು ಆಗಲೇ ಸಿಮೆಂಟು ಮರಳು ಕಲಸುತ್ತಿದ್ದ. ಹಿರಿ ಪ್ಲಂಬರ್ ಬಂದರೆಂದು ಹಿರಿಯಾಕೆ ಕುರ್ಚಿ ತಂದಳು, ಕಿರಿಯಾಕೆ ಮೇಲಿನಿಂದ ಇಳಿದಳು. ಅವರು ಕೂರಲಿಲ್ಲ. ಕೋಲೂರಿಕೊಂಡು ನೇರ ಮೆಟ್ಟಿಲ ಕೆಳಗೆ ಹೋಗಿ, "ಎರಡೂ ಪೆಟ್ಟಿಗೆ ತೆಗೀರಿ" ಎಂದರು.

ಕೀಲಿಗಳು ಬಂದವು. ಎಡಗಡೆಯ ವಾಲ್ವನ್ನು ಅವರೇ ಕೈಯಾರೆ ಮುಚ್ಚಿದರು. "ಹೋಗ್ರಮ್ಮ, ಇಬ್ರೂ ಅಡುಗೆಮನೆ ನಲ್ಲಿ ಬಿಟ್ಟು ನೋಡಿ ಕೂಗಿ."

"ಕೆಳಗೆ ಬರ್ತಾ ಇದೆ!"

"ಮೇಲೆ ನಿಂತೋಯ್ತು!"

ಮಾವನ ಹುಬ್ಬು ಗಂಟಿಕ್ಕಿತು. "ಇನ್ನೊಂದು ಸಲ." ತೆರೆದರು, ಮತ್ತೆ ಮುಚ್ಚಿದರು.

"ಕೆಳಗೆ ಬರ್ತಾನೇ ಇದೆ!"

"ಮೇಲೆ ಇಲ್ಲ!"

ಇಬ್ಬರೂ ಇಳಿದು ಬಂದು ಅವರ ಮುಖ ನೋಡುತ್ತ ನಿಂತರು. ಅಣ್ಣತಮ್ಮಂದಿರೂ ಪೇಪರು ಮಡಚಿ ಬಂದರು. ಗಾರೆಯವನು ಸಲಿಕೆ ಊರಿ ಬಾಗಿಲಲ್ಲಿ ಇಣುಕಿದ. ಹಿರಿಯರ ಕೈ ಇನ್ನೂ ವಾಲ್ವಿನ ಮೇಲೇ ಇತ್ತು. ವಾಷರಣ್ಣನಿಗೆ ತಡೆಯಲಾಗಲಿಲ್ಲ.

"ಆಮೇಲೆ ಯಾರೋ ಕೈ ಹಾಕಿರ್ಬೇಕು ಮಾವ" ಎಂದ. "ಹಳೇ ಮನೆ. ಎಷ್ಟು ಜನ ಬಂದು ಹೋಗಿರ್ತಾರೆ."

"ನಾನೂ ಅದನ್ನೇ ಅಂದೆ" ಎಂದಳು ಹಿರಿಯಾಕೆ.

ತಪ್ಪಿಸಿಕೊಳ್ಳಲು ಬಾಗಿಲು ಅಗಲವಾಗಿ ತೆರೆದಿತ್ತು. ಮಾವ ಅಳಿಯನ ಕಡೆ ನೋಡಿದರು. ಅಳಿಯ ಕಿವಿ ತುರಿಸಿಕೊಳ್ಳುತ್ತಿದ್ದ.

ಅವರು ಗೋಡೆಗೆ ಬೆನ್ನು ತಿರುಗಿಸಿದರು. ಗೋಡೆಯ ಆಚೆ, ಹಿತ್ತಲಲ್ಲಿ ನಿಂತವನು ಯಾವ ಕಡೆ ಮುಖ ಮಾಡಿರುತ್ತಾನೋ ಆ ಕಡೆಗೆ ಮುಖ ಮಾಡಿ, ಕಣ್ಣು ಮುಚ್ಚಿ, ನಿಧಾನವಾಗಿ ಎಡಗೈ ಎತ್ತಿದರು. ಕಣ್ಣು ತೆರೆದು ಹೊರಳಿ ನೋಡಿದರೆ ಕೈ ಬಲಗಡೆಯ ಪೆಟ್ಟಿಗೆಯ ಮುಂದಿತ್ತು.

"ಮೆಟ್ಟಿಲಿಗೆ ಆಗಷ್ಟೇ ಕಾಂಕ್ರೀಟು ಹಾಕಿದ್ರು" ಎಂದರು. "ಇಲ್ಲೆಲ್ಲ ಅದಕ್ಕೆ ಆಸರೆ ಕಂಬ ಕೊಟ್ಟಿದ್ರು, ಕಾಲಿಡೋಕೆ ಜಾಗ ಇರ್ಲಿಲ್ಲ. ಅದಕ್ಕೆ ಆ ಕಡೆ ನಿಂತು ಕೂಡಿಸ್ದೆ. ಅಲ್ಲಿಂದ ಇದು ಎಡ." ಸ್ವಲ್ಪ ಹೊತ್ತು ತಮ್ಮ ಕೈಯನ್ನೇ ನೋಡಿದರು. "ಗುಟ್ಟಿನ ವಾಲ್ವ್ ಅಂತ ಯಾವುದೂ ಇಲ್ಲಮ್ಮ. ನೀನು ಹೊರಗೆ ಹೋಗೋವಾಗ ಮುಚ್ತಿದ್ದದ್ದು ಅವಳದು, ಅವಳು ಮುಚ್ತಿದ್ದದ್ದು ನಿಂದು. ಹಂಗೆ ಕೂಡಿಸಿದವನು ನಾನು. ಬೇರೆ ಯಾರೂ ಕೈ ಹಾಕಿಲ್ಲ."

ವಾಷರಣ್ಣ ತನ್ನ ಚಪ್ಪಲಿಯ ಬಾರು ನೋಡುತ್ತಿದ್ದ. ಮೊದಲು ಮಾತಾಡಿದವಳು ಹಿರಿಯಾಕೆ, ಅದೂ ಮಧ್ಯಸ್ಥರಿಲ್ಲದೆ.

"ಅಂದ್ರೆ ದಿನಾ ಬೆಳಗ್ಗೆ ನಾನು ವಾಕಿಂಗ್ ಹೋದಾಗ..."

"ನಾನು ತಲೆಗೆ ಶಾಂಪೂ ಹಚ್ಕೊಂಡು ನಿಂತಿರ್ತಿದ್ದೆ ಅಕ್ಕ. ಕಣ್ಣು ಬಿಡೋಕಾಗ್ದೆ."

"ಒಂದು ಕೂಗು ಹಾಕ್ಬಾರ್ದಿತ್ತಾ?"

"ಹಾಕಿದ್ರೆ ಕೇಳೋಕೆ ನೀವೆಲ್ಲಿರ್ತಿದ್ರಿ? ವಾಕಿಂಗ್!"

ಹಿರಿಯಾಕೆಗೆ ನಗು ಬಂತು. ಬರಬಾರದೆಂದು ತಡೆದಳು, ಮೂಗಿನಿಂದ ಬಂತು. "ನೀನೇನು ಕಮ್ಮಿಯಾ? ಮಧ್ಯಾಹ್ನ ಪೂರ್ತಿ ನನ್ನ ಪಾತ್ರೆ ಒಣಗಿಸಿ, ಅಲ್ಲಿ ಫ್ಯಾನ್ ಕೆಳಗೆ ಕೂತು ಪುಸ್ತಕ ಕೊಡ್ತಿದ್ದೆ."

"ಹಾಗಾದ್ರೆ ಲೆಕ್ಕ ಹಾಕಿ ಅಕ್ಕ, ಹೆಚ್ಚು ಹೊತ್ತು ನೀರಿಲ್ದೆ ಇದ್ದದ್ದು ಯಾರು ಅಂತ."

ಜಗಳ ನಿಲ್ಲಲಿಲ್ಲ. ಆದರೆ ಈಗ ಅದು ಒಬ್ಬರ ಮುಖ ಒಬ್ಬರು ನೋಡಿಕೊಂಡು ಆಡುವ ಜಗಳವಾಗಿತ್ತು.

"ಒಬ್ಬರ ಕೀಲಿ ಒಬ್ಬರು ಬದಲಾಯಿಸಿಕೊಂಡ್ರೆ ಆಯ್ತಲ್ಲ?" ಎಂದ ತಮ್ಮ. ಪೇಪರಿನಿಂದ ಹೊರಬಂದು ಅವನಾಡಿದ ಮೊದಲ ಮಾತು. ಕೆಲಸಕ್ಕೆ ಬರುವ ಮಾತೇ ಆಗಿತ್ತು.

"ಆಮೇಲೆ ನನ್ನ ತಪ್ಪು ಗೋಡೆಯೊಳಗೆ ಕೂತಿರ್ಲಾ?" ಹಿರಿಯರು ಕೋಲು ಕುಟ್ಟಿದರು. "ಲೋ, ಪಾನ ತೆಗಿ. ಟ್ಯಾಂಕಿನ ನೀರು ನಿಲ್ಲಿಸಿ ಬಾ."

ಹಿತ್ತಲಲ್ಲಿ ಗೋಡೆಗೆಂದು ತಂದ ಇಟ್ಟಿಗೆಯ ರಾಶಿಯ ಮೇಲೆ ಮಾವ ಕೂತರು. ಗಾರೆಯವನ ಹಲಗೆಯ ಮೇಲೆ ಅಳಿಯ ಹತ್ತಿದ. ಹಳೆಯ ಯೂನಿಯನ್‌ಗಳು ಜಪ್ಪಯ್ಯ ಎಂದರೂ ಅಲುಗಲಿಲ್ಲ.

"ಬಿಸಿ ತೋರಿಸು. ಅಷ್ಟಲ್ಲ! ಬೇಯಿಸ್ತೀಯಾ ಅದನ್ನ?"

"ನೀವು ಕೂಡಿಸಿದ್ದಲ್ವಾ ಮಾವ, ಬಿಡ್ತಾ ಇಲ್ಲ."

"ಬಿಡಬಾರದು ಅಂತಾನೇ ಕೂಡಿಸಿದ್ದು. ಎಡಬಲ ಬೇರೆಯಾಯ್ತೇ ಹೊರತು ಜೋಡಣೆ ಸೋರಿದ್ಯಾ? ಹೇಳು, ಸೋರಿದ್ಯಾ?"

"ಸೋರಿಲ್ಲ."

"ಹಾಂ."

ಹೊಸ ಜೋಡಣೆಗೆ ಟೇಪು ಸಾಕೆಂದು ಅಳಿಯ, ಸೆಣಬೇ ಬೇಕೆಂದು ಮಾವ. ವಾದ ಬಿಸಿಯೇರಿ, ಕೊನೆಗೆ ಎರಡನ್ನೂ ಸುತ್ತಿದರು. ಕಡೆಯ ಜೋಡಣೆಗೆ ಸೆಣಬು ಸುತ್ತಿದವರು ಮಾವನೇ. ಪೈಪಿನ ತುಂಡನ್ನು ತೊಡೆಯ ಮೇಲಿಟ್ಟು, ಕಣ್ಣಿಗೆ ಹತ್ತಿರ ಹಿಡಿದು, ಸುತ್ತಿ, ತುದಿಯನ್ನು ಹೆಣೆದು ಸಿಕ್ಕಿಸಿ ಮೇಲಕ್ಕೆ ಕೊಟ್ಟರು. ನೀರು ಬಿಟ್ಟಾಗ ಎಡಗಡೆಯದು ಕೆಳಕ್ಕೂ ಬಲಗಡೆಯದು ಮೇಲಕ್ಕೂ ಹೋಯಿತು, ಈ ಸಲ ಮನೆಯ ಒಳಗಿನಿಂದ ನೋಡುವವರಿಗೆ.

"ಕಲಸಿದ ಗಾರೆ ಗಟ್ಟಿಯಾಗ್ತಿದೆ" ಎಂದು ಗಾರೆಯವನು ಗೊಣಗಿದ. "ಗೋಡೆ ಎಬ್ಬಿಸ್ಬೇಕೋ, ಬೇಡ್ವೋ?"

ಓರಗಿತ್ತಿಯರು ಒಬ್ಬರನ್ನೊಬ್ಬರು ನೋಡಿದರು. "ಬಟ್ಟೆ ಒಗೆಯೋ ಕಟ್ಟೆ ಒಡೆದುಹೋಗಿದೆ, ಅದಕ್ಕೆ ಹಾಕು" ಎಂದಳು ಹಿರಿಯಾಕೆ. "ಗೋಡೆ ವಿಷಯ ಆಮೇಲೆ ನೋಡೋಣ." ಬಾಗಿಲು ಹಾಗೇ ಉಳಿಯಿತು. ಬೀಗಗಳನ್ನು ಕಿರಿಯಾಕೆ ತೆಗೆದಿಟ್ಟಳು. ಪೆಟ್ಟಿಗೆಗಳನ್ನು ಯಾರೂ ಕೀಳಲಿಲ್ಲ.

ಆಟೋ ಮನೆ ಹತ್ತಿರ ಬಂದಾಗ ಮಾವ ಗಂಟಲು ಸರಿಮಾಡಿಕೊಂಡರು.

"ಅಳಿಯಂದ್ರೇ."

ಮರ್ಯಾದೆ ವಾಪಸು ಬಂದಿತ್ತು. "ಹೇಳಿ ಮಾವ."

"ಆ ಸಾಲಲ್ಲಿ ಆಗ ಒಬ್ಬನೇ ಕಂತ್ರಾಟುದಾರ ಮನೆ ಕಟ್ಟಿಸ್ತಿದ್ದ. ಎಲ್ಲಾದಕ್ಕೂ ಒಂದೇ ನಕ್ಷೆ, ಒಂದೇ ಮೆಟ್ಟಿಲು. ಮೂಲೆಮನೆ ಆದ ಮೇಲೆ ಹಸಿರು ಗೇಟಿನದು, ಆಮೇಲೆ ಅದರ ಪಕ್ಕದ ದರ್ಜಿ ಮನೆ." ಕನ್ನಡಕ ತೆಗೆದು ಒರೆಸಿದರು. "ಅಲ್ಲೂ ನಾನು ಹಿಂದಿನಿಂದಾನೇ ಕೂಡಿಸಿದ್ದು."

ವಾಷರಣ್ಣ ನಗು ತಡೆಯಲು ಹೊರಗೆ ನೋಡಿದ. "ಯಾರೂ ಏನೂ ದೂರು ಕೊಟ್ಟಿಲ್ವಲ್ಲ ಮಾವ."

"ಇನ್ನೂ ಬೇರೆಯಾಗಿಲ್ಲ ಅವರು. ಆದ ಮೇಲೆ ಹೋದ್ರೆ ಏನು ಬಂತು?"

ಸಂಜೆ ಅವರು ಎಂದಿನ ಮಾತು ಹೇಳದೆಯೇ ಊಟಕ್ಕೆ ಎದ್ದರು, ಎರಡು ಸಲ ಬಡಿಸಿಕೊಂಡು ಉಂಡರು. ಮಗಳು ಗಂಡನ ಕಡೆ ನೋಡಿದಳು.

ಹಸಿರು ಗೇಟಿನ ಮನೆಯವರು ಭಾನುವಾರ ಮನೆಯಲ್ಲಿರುತ್ತಾರೆ. ಆಟೋದವನಿಗೆ ಅವತ್ತು ಬೆಳಗ್ಗೆ ಬರಲು ಹೇಳಿಯಾಗಿದೆ, ಚೀಲದಲ್ಲಿ ಟೇಪಿನ ಜೊತೆ ಒಂದು ಹಿಡಿ ಸೆಣಬೂ ಇದೆ.